ಜೋಡಿಯಾಕ್ ಕೊಲೆಗಾರನ ಗುಪ್ತಲಿಪಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಮಾತಿಗೆ ಬಂದರೆ ಸಾಕು, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸತ್ತವರ ಹೆಸರಾಗಲಿ, ಅನುಮಾನಕ್ಕೆ ಸಿಕ್ಕವರ ಹೆಸರಾಗಲಿ ಇಲ್ಲಿ ಬರೆದಿಲ್ಲ. ಅದಕ್ಕೆ ಕಾರಣ ಕೆಳಗೆ ಬರುತ್ತದೆ.

## ಮೊದಲಿಗೆ

ಈ ಜೋಡಿಯಾಕ್ ಅಂದ್ರೆ ಯಾರು? ಸ್ವಲ್ಪದರಲ್ಲಿ ಹೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ, ಒಂದು ವರ್ಷದೊಳಗೆ ನಾಲ್ಕು ಕಡೆ ದಾಳಿ ಮಾಡಿದ ಕೊಲೆಗಾರ. 1968ರ ಡಿಸೆಂಬರ್ 20ರಂದು ಬೆನಿಷಿಯಾ ಊರಿನ ಅಂಚಿನ ರಸ್ತೆಯಲ್ಲಿ ಇಬ್ಬರು ಹದಿಹರೆಯದವರನ್ನು ಕೊಂದ. 1969ರ ಜುಲೈ 4ರ ರಾತ್ರಿ ವಲೇಹೊದಲ್ಲಿ, ಸೆಪ್ಟೆಂಬರ್ 27ರಂದು ಬೆರಿಯೆಸಾ ಕೆರೆಯ ದಡದಲ್ಲಿ ಒಂದೊಂದು ಜೋಡಿಯ ಮೇಲೆ ಬಿದ್ದ. ಅಕ್ಟೋಬರ್ 11ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲೇ ಒಬ್ಬ ಟ್ಯಾಕ್ಸಿ ಚಾಲಕನಿಗೆ ಗುಂಡು ಹಾರಿಸಿದ. ಒಟ್ಟು ಐದು ಜನ ಸತ್ತರು, ಇಬ್ಬರು ಬದುಕಿದರು. ಮುಂದೆ ಒಂದು ಪತ್ರದಲ್ಲಿ ತಾನು 37 ಜನರನ್ನು ಕೊಂದಿದ್ದೇನೆ ಎಂದು ಬರೆದುಕೊಂಡ. ಪೊಲೀಸರು ಖಚಿತವಾಗಿ ಇವನ ಲೆಕ್ಕಕ್ಕೆ ಹಾಕಿರುವುದು ಮೇಲಿನ ಐದು ಸಾವುಗಳನ್ನು ಮಾತ್ರ.

ಕೊಲೆಗಳಿಗಿಂತ ಅವನನ್ನು ಜಾಸ್ತಿ ನೆನಪಿನಲ್ಲಿ ಉಳಿಸಿರುವುದು ಪತ್ರಿಕೆಗಳಿಗೆ ಬರೆದ ಪತ್ರಗಳು, ಅದರ ಜೊತೆ ಕಳಿಸಿದ ಗುಪ್ತಲಿಪಿಗಳು. ಅವನಿಗೂ ಬೇಕಾಗಿದ್ದು ಅದೇ ಅನ್ನಿಸುತ್ತದೆ.

ಜೋಡಿಯಾಕ್ ಅಂದ್ರೆ ರಾಶಿಚಕ್ರ ಅಲ್ವಾ? ಜ್ಯೋತಿಷ್ಯಕ್ಕೂ ಇದಕ್ಕೂ ಏನಾದ್ರೂ ನಂಟು ಇದ್ಯಾ?

ಇದ್ದಂತೆ ಕಾಣುವುದಿಲ್ಲ. 1969ರ ಆಗಸ್ಟ್‌ನಲ್ಲಿ ಬಂದ ಪತ್ರದಲ್ಲಿ ಮೊದಲ ಸಲ ಆ ಹೆಸರು ಬಳಸಿದ. ಪತ್ರಗಳ ಕೊನೆಗೆ ಸಹಿಯ ಬದಲು ಒಂದು ವೃತ್ತ, ಅದರ ಮೇಲೆ ಕೂಡುವ ಚಿಹ್ನೆಯ ಹಾಗೆ ಎರಡು ಗೀಟು. ಆ ಕಾಲದಲ್ಲಿ ಮಾರಾಟದಲ್ಲಿದ್ದ ಜೋಡಿಯಾಕ್ ಎಂಬ ಸ್ವಿಸ್ ಕೈಗಡಿಯಾರದ ಮೇಲೆ ಇದೇ ಹೆಸರು, ಇದೇ ಗುರುತು ಎರಡೂ ಇದ್ದವು. ಗ್ರಹಗತಿ ನೋಡಿ ಕೊಲೆಯ ದಿನ ಆರಿಸಿದ್ದ ಎಂದು ಲೆಕ್ಕ ಹಾಕಿದವರು ಬೇಕಾದಷ್ಟಿದ್ದಾರೆ. ನಾಲ್ಕೇ ದಿನಾಂಕ ಇಟ್ಟುಕೊಂಡರೆ ಎಂಥ ಗ್ರಹವನ್ನಾದರೂ ಕೂರಿಸಬಹುದು.

ಒಟ್ಟು ಎಷ್ಟು ಗುಪ್ತಲಿಪಿ ಇವೆ? ಎಷ್ಟು ಬಿಡಿಸಿದ್ದಾರೆ?

ನಾಲ್ಕು. ಎರಡು ಬಿಡಿಸಿದ್ದಾರೆ, ಎರಡು ಉಳಿದಿವೆ. ಅಕ್ಷರಗಳ ಎಣಿಕೆಯನ್ನೇ ಅವುಗಳ ಹೆಸರು ಮಾಡಿಕೊಂಡಿದ್ದಾರೆ. ಝಡ್-408 ಬಂದದ್ದು 1969ರ ಜುಲೈ 31ರ ಪತ್ರಗಳಲ್ಲಿ, ಝಡ್-340 ಅದೇ ವರ್ಷದ ನವೆಂಬರ್ 8ರ ಕಾರ್ಡಿನಲ್ಲಿ. ಝಡ್-13 ಬಂದದ್ದು 1970ರ ಏಪ್ರಿಲ್ 20ರ ಪತ್ರದಲ್ಲಿ, ಝಡ್-32 ಜೂನ್ 26ರ ಪತ್ರದಲ್ಲಿ. ಉಳಿದಿರುವುದು ಕೊನೆಯ ಎರಡು, ಅಂದರೆ ಪುಟಾಣಿಗಳು.

ಕೊಲೆಗಾರ ಕಳಿಸಿದ್ದನ್ನ ಪತ್ರಿಕೆಯವರು ಅಚ್ಚು ಹಾಕಿದ್ದಾದ್ರೂ ಯಾಕೆ?

ಬೆದರಿಕೆ ಇತ್ತು. 408 ಅಕ್ಷರಗಳನ್ನು 136ರಂತೆ ಮೂರು ತುಂಡು ಮಾಡಿ ವಲೇಹೊ ಟೈಮ್ಸ್-ಹೆರಾಲ್ಡ್, ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್, ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್, ಈ ಮೂರು ಪತ್ರಿಕೆಗಳಿಗೆ ಹಂಚಿದ್ದ. ಮುಖಪುಟದಲ್ಲಿ ಹಾಕದಿದ್ದರೆ ವಾರಾಂತ್ಯದಲ್ಲಿ ಸಿಕ್ಕಸಿಕ್ಕವರನ್ನು ಕೊಲ್ಲುತ್ತೇನೆ ಎಂದಿದ್ದ. ಕ್ರಾನಿಕಲ್‌ನವರು ತಮ್ಮ ಪಾಲನ್ನು ನಾಲ್ಕನೇ ಪುಟದಲ್ಲಿ ಹಾಕಿದರು. ಆ ವಾರಾಂತ್ಯ ಅವನು ಹೇಳಿದ ಹಾಗೇನೂ ನಡೆಯಲಿಲ್ಲ.

## ಬಿಡಿಸಿದ ಎರಡು

ಮೊದಲನೆಯದನ್ನ ಒಬ್ಬ ಮೇಷ್ಟ್ರು, ಅವರ ಹೆಂಡತಿ ಕೂತು ಬಿಡಿಸಿದ್ರಂತೆ. ನಿಜನಾ?

ನಿಜ. ಸಲೀನಸ್ ಊರಿನ ಹೈಸ್ಕೂಲ್ ಮೇಷ್ಟ್ರು ಡೊನಾಲ್ಡ್ ಹಾರ್ಡನ್, ಅವರ ಹೆಂಡತಿ ಬೆಟ್ಟಿ ಹಾರ್ಡನ್. ಪೊಲೀಸರು, ನೌಕಾಪಡೆಯ ಪರಿಣತರು ತಲೆ ಕೆಡಿಸಿಕೊಂಡಿದ್ದಾಗ ಇವರು ಮನೆಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಸುಮಾರು 20 ಗಂಟೆಯಲ್ಲಿ ಮುಗಿಸಿದರು.

ಕೀಲಿ, ಅಂದರೆ ಯಾವ ಗುರುತು ಯಾವ ಅಕ್ಷರ ಎಂಬ ಪಟ್ಟಿ, ಸಿಕ್ಕಿದ್ದು ಬೆಟ್ಟಿಯವರ ಊಹೆಯಿಂದ. ಇಂಥ ಪತ್ರ ಬರೆಯುವವನಿಗೆ ಜಂಬ ಜಾಸ್ತಿ, ಆದ್ದರಿಂದ ‘ನಾನು’ ಅಂತಲೇ ಶುರು ಮಾಡಿರುತ್ತಾನೆ. ಕೊಲ್ಲುವ ಮಾತಂತೂ ಬಂದೇ ಬರುತ್ತದೆ. ಇಂಗ್ಲಿಷಿನಲ್ಲಿ ‘ಕಿಲ್’ ಎಂದು ಬರೆದರೆ ಕೊನೆಗೆ ಎರಡು ‘ಎಲ್’ ಅಕ್ಕಪಕ್ಕ ಕೂರುತ್ತವೆ. ಹಾಗಾಗಿ ಒಂದೇ ಗುರುತು ಜೋಡಿಯಾಗಿ ಬರುವ ಜಾಗ ಹುಡುಕುತ್ತಾ ಹೋದರು. ಮೊದಲ ಸಾಲೇ ‘ಐ ಲೈಕ್ ಕಿಲ್ಲಿಂಗ್’ ಎಂದು ತೆರೆದುಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವನು ಒಂದು ಅಕ್ಷರಕ್ಕೆ ಒಂದೇ ಗುರುತು ಇಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಅಕ್ಷರ ‘ಇ’. ಅದಕ್ಕೆ ಏಳು ಬೇರೆ ಬೇರೆ ಗುರುತು ಕೊಟ್ಟಿದ್ದ. ಆಗ ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಸುಮ್ನೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಒಟ್ಟು 54 ಗುರುತು. ಆದರೂ ಬಿಡಿಸಲು ಆಗಿದ್ದು ಯಾಕೆಂದರೆ ಬರಹ ಉದ್ದವಾಗಿತ್ತು.

ಅದರಲ್ಲಿ ಹೆಸರು ಇತ್ತಾ?

ಇರಲಿಲ್ಲ. ಪತ್ರದಲ್ಲೇನೋ ಈ ಲಿಪಿಯೊಳಗೆ ನನ್ನ ಗುರುತಿದೆ ಎಂದು ಬರೆದಿದ್ದ. ಬಿಡಿಸಿ ನೋಡಿದರೆ ಹೆಸರು ಕೊಡುವುದಿಲ್ಲ, ಕೊಟ್ಟರೆ ನನ್ನ ಕೆಲಸಕ್ಕೆ ಅಡ್ಡಿ ಮಾಡುತ್ತೀರಿ ಎಂದಿತ್ತು. ಮಿಕ್ಕಿದ್ದೆಲ್ಲ ಕೊಲ್ಲುವುದರ ಮೋಜು, ಸತ್ತವರು ಮುಂದಿನ ಜನ್ಮದಲ್ಲಿ ತನ್ನ ಗುಲಾಮರಾಗುತ್ತಾರೆ ಎಂಬ ಬಡಬಡಿಕೆ. ಕಾಗುಣಿತ ತಪ್ಪುಗಳಂತೂ ಒಂದರ ಹಿಂದೆ ಒಂದು.

ಅದರ ಕೊನೆಯ 18 ಅಕ್ಷರ ಇನ್ನೂ ಬಿಡಿಸಿಲ್ಲ ಅಂತಾರಲ್ಲ?

ಕೀಲಿ ಹಾಕಿ ನೋಡಿದರೆ ಆ ಕೊನೆಯ ಭಾಗ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಬರುತ್ತದೆ. ಅವನ್ನು ಹಿಂದುಮುಂದು ಮಾಡಿ ಹೆಸರು ಕಟ್ಟಿದವರು ತುಂಬಾ ಜನ. ನನಗೆ ಸರಿ ಅನ್ನಿಸುವ ವಿವರಣೆ ಬಹಳ ಸಾದಾ. ಮೂರು ತುಂಡುಗಳೂ ಒಂದೇ ಅಳತೆಯ ಚೌಕಟ್ಟು: ಎಂಟು ಸಾಲು, ಸಾಲಿಗೆ 17 ಗುರುತು. ಹೇಳಬೇಕಾದ್ದು ಮೊದಲೇ ಮುಗಿದಿದೆ, ಉಳಿದ ಜಾಗಕ್ಕೆ ಕೈಗೆ ಬಂದ ಗುರುತು ತುಂಬಿದ್ದಾನೆ. ಇದನ್ನು ಐದನೆಯ ಗುಪ್ತಲಿಪಿ ಎಂದು ಲೆಕ್ಕ ಹಿಡಿಯಬೇಕಾಗಿಲ್ಲ.

340 ಅಕ್ಷರದ್ದು 51 ವರ್ಷ ಯಾಕೆ ಸತಾಯಿಸ್ತು? ಎಫ್‌ಬಿಐ, ಎನ್‌ಎಸ್‌ಎ ಅಂತ ಅಮೆರಿಕದ ತನಿಖಾ, ಗುಪ್ತಚರ ಸಂಸ್ಥೆಗಳೆಲ್ಲ ಏನು ಮಾಡ್ತಿದ್ರು?

ನೋಡಲು ಅದು 408ರ ತಮ್ಮನೇ. ಅದೇ ಬಗೆಯ ಗುರುತುಗಳು, ಸಾಲಿಗೆ ಅದೇ 17. ಅದಕ್ಕೇ ಎಲ್ಲರೂ ಅದೇ ದಾರಿ ಹಿಡಿದರು: ಎಡದಿಂದ ಬಲಕ್ಕೆ ಓದುವುದು, ಗುರುತಿಗೆ ಅಕ್ಷರ ಹೊಂದಿಸುವುದು. ಆದರೆ ಈ ಸಲ ಅವನು ಎರಡು ಕೆಲಸ ಮಾಡಿದ್ದ. ಅಕ್ಷರಗಳಿಗೆ ಗುರುತು ಬದಲಿಸಿದ್ದಷ್ಟೇ ಅಲ್ಲ, ಅವುಗಳ ಜಾಗವನ್ನೂ ಕಲಸಿಬಿಟ್ಟಿದ್ದ.

ಎರಡರಲ್ಲಿ ಒಂದೇ ಇದ್ದರೆ ಕಷ್ಟವಿಲ್ಲ. ಎರಡೂ ಸೇರಿದರೆ ಒಂದನ್ನು ಬಿಡಿಸದೆ ಇನ್ನೊಂದು ಕಾಣುವುದಿಲ್ಲ. ಸರಿಯಾದ ಕ್ರಮ ಗೊತ್ತಿಲ್ಲದೆ ಗುರುತು ಹೊಂದಿಸಿದರೆ ಕಸ ಬರುತ್ತದೆ. ಗುರುತು ಹೊಂದಿಸದೆ ಕ್ರಮ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ. ಸಾಲದ್ದಕ್ಕೆ 63 ಗುರುತು. ಅದರ ಮೇಲೆ ಅವನೇ ಬರೆಯುವಾಗ ಚೌಕಟ್ಟಿನ ಒಂದು ಕಡೆ ಒಂದು ಮನೆ ಜಾರಿಸಿದ್ದಾನೆ. ಸರಿಯಾದ ದಾರಿಯಲ್ಲಿ ಹೋದವನೂ ಮಧ್ಯದಲ್ಲಿ ದಾರಿ ತಪ್ಪಿದೆ ಅಂದುಕೊಂಡು ವಾಪಸ್ ಬರಬೇಕು, ಹಾಗಿತ್ತು.

ಕೊನೆಗೆ ಹೇಗೆ ಬಿಡಿಸಿದ್ರು?

ಮೂರು ಜನ, ಮೂರು ದೇಶ. ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಡೇವಿಡ್ ಒರಾಂಚಕ್, ಆಸ್ಟ್ರೇಲಿಯಾದ ಗಣಿತಜ್ಞ ಸ್ಯಾಮ್ ಬ್ಲೇಕ್, ಬೆಲ್ಜಿಯಂನ ಯಾರ್ಲ್ ವಾನ್ ಐಕ್. ಮೂರನೆಯವರು ಗೋದಾಮಿನಲ್ಲಿ ಕೆಲಸ ಮಾಡುವವರು. ಬಿಡುವಿನಲ್ಲಿ ಗುಪ್ತಲಿಪಿ ಬಿಡಿಸುವ ಎಝಡ್‌ಡಿಕ್ರಿಪ್ಟ್ ಎಂಬ ಪ್ರೋಗ್ರಾಂ ಬರೆದಿದ್ದರು. ಯಾರಿಗೂ ಇದು ನೌಕರಿಯ ಕೆಲಸವಲ್ಲ.

ಬ್ಲೇಕ್ ಚೌಕಟ್ಟನ್ನು ಓದಬಹುದಾದ ಬೇರೆ ಬೇರೆ ಕ್ರಮಗಳನ್ನು ಪಟ್ಟಿ ಮಾಡಿದರು, ಸುಮಾರು 6,50,000. ಒಂದೊಂದನ್ನೂ ಪ್ರೋಗ್ರಾಂಗೆ ಉಣಿಸಿದರು. ಪ್ರೋಗ್ರಾಂ ಮಾಡುವ ಕೆಲಸ ಇಷ್ಟು: ಗುರುತುಗಳಿಗೆ ಯಾವುದೋ ಅಕ್ಷರ ಕೊಟ್ಟು ಶುರು ಮಾಡುತ್ತದೆ, ಒಂದನ್ನು ಬದಲಿಸುತ್ತದೆ, ಬಂದ ಬರಹ ಮೊದಲಿಗಿಂತ ಇಂಗ್ಲಿಷಿಗೆ ಹತ್ತಿರ ಇದ್ದರೆ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ಹೀಗೇ ಲಕ್ಷಗಟ್ಟಲೆ ಸಲ.

2020ರ ಡಿಸೆಂಬರ್ ಮೊದಲ ವಾರ ಒರಾಂಚಕ್ ಈ ರಾಶಿಯಲ್ಲಿ ಒಂದು ಫಲಿತಾಂಶ ನೋಡುತ್ತಿದ್ದಾಗ ಕಸದ ನಡುವೆ ಕೆಲವು ತುಣುಕು ಕಂಡವು: ‘ನನ್ನನ್ನು ಹಿಡಿಯಲು ಪ್ರಯತ್ನಿಸುತ್ತಾ’ ಎನ್ನುವಂಥದ್ದು, ‘ಗ್ಯಾಸ್ ಚೇಂಬರ್’ (ವಿಷಾನಿಲದಿಂದ ಮರಣದಂಡನೆ ಕೊಡುವ ಕೋಣೆ) ಎನ್ನುವಂಥದ್ದು. ಅಷ್ಟನ್ನು ಗಟ್ಟಿ ಮಾಡಿಕೊಂಡು ಮಿಕ್ಕಿದ್ದನ್ನು ಮತ್ತೆ ಓಡಿಸಿದರು.

ಕ್ರಮ ಹೀಗಿತ್ತು. 20 ಸಾಲುಗಳನ್ನು 9, 9, 2 ಎಂದು ಮೂರು ತುಂಡು ಮಾಡಬೇಕು. ಮೊದಲೆರಡು ತುಂಡುಗಳಲ್ಲಿ ಒಂದು ಮನೆ ಕೆಳಗೆ, ಎರಡು ಮನೆ ಬಲಕ್ಕೆ, ಚೆಸ್ ಕುದುರೆಯ ಹಾಗೆ ಓರೆಯಾಗಿ ಇಳಿಯಬೇಕು. ಕೊನೆಯ ಎರಡು ಸಾಲು ಸಾಮಾನ್ಯ ಕ್ರಮ, ಆದರೆ ಕೆಲವು ಪದ ಹಿಂದುಮುಂದು.

ಇದೇ ಸರಿಯಾದ ಉತ್ತರ ಅಂತ ಹೇಗೆ ನಂಬೋದು?

ಒಳ್ಳೆಯ ಪ್ರಶ್ನೆ. ಇದಕ್ಕೆ ಮೊದಲು ‘ಬಿಡಿಸಿದೆ’ ಎಂದು ಹೇಳಿಕೊಂಡವರೇನು ಕಡಿಮೆಯೇ?

ಬರಹದಲ್ಲಿ ಒಂದು ಮಾತಿದೆ: ಟಿವಿ ಕಾರ್ಯಕ್ರಮದಲ್ಲಿ ಬಂದವನು ನಾನಲ್ಲ. 1969ರ ಅಕ್ಟೋಬರ್ 22ರ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೊದ ಟಿವಿಯಲ್ಲಿ ಜಿಮ್ ಡನ್‌ಬಾರ್ ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಒಬ್ಬ ಫೋನ್ ಮಾಡಿದ್ದ. ತಾನೇ ಕೊಲೆಗಾರ ಎಂಬಂತೆ ಹೆಸರಾಂತ ವಕೀಲ ಮೆಲ್ವಿನ್ ಬೆಲ್ಲಿ ಜೊತೆ ಮಾತಾಡಿದ. ಗ್ಯಾಸ್ ಚೇಂಬರಿಗೆ ಹೋಗಲು ಭಯ ಎಂದ. ಆ ಕರೆ ಮಾನಸಿಕ ಆಸ್ಪತ್ರೆಯ ರೋಗಿಯೊಬ್ಬನದು ಎಂದು ಆಮೇಲೆ ಗೊತ್ತಾಯಿತು. ಝಡ್-340 ಅಂಚೆಗೆ ಬಿದ್ದದ್ದು ನವೆಂಬರ್ 8ಕ್ಕೆ, ಹದಿನೇಳು ದಿನ ಕಳೆದು. ಅದರಲ್ಲಿ ‘ಅವನು ನಾನಲ್ಲ, ನನಗೆ ಗ್ಯಾಸ್ ಚೇಂಬರಿನ ಭಯ ಇಲ್ಲ’ ಎಂದೇ ಇದೆ. ಪ್ರೋಗ್ರಾಂಗೆ ಆ ಟಿವಿ ಕಾರ್ಯಕ್ರಮದ ಸುಳಿವೇ ಇರಲಿಲ್ಲ. ಆದರೂ ದಿನಾಂಕಕ್ಕೆ ತಕ್ಕ ಮಾತು ಹೊರಬಿತ್ತು.

ಇನ್ನೊಂದು ಸಾಕ್ಷಿ ಕಾಗುಣಿತ. ಸ್ವರ್ಗಕ್ಕೆ ಇಂಗ್ಲಿಷಿನ ‘ಪ್ಯಾರಡೈಸ್’ ಬರೆಯುವಾಗ ‘ಎಸ್’ ಇರಬೇಕಾದಲ್ಲಿ ‘ಸಿ’ ಹಾಕುವುದು ಅವನ ಚಾಳಿ. 408ರಲ್ಲೂ ಹಾಗೆ, 340ರಲ್ಲೂ ಹಾಗೆ, 1970ರ ಹ್ಯಾಲೋವೀನ್ ಕಾರ್ಡಿನಲ್ಲಿ ಗುಪ್ತಲಿಪಿಯಿಲ್ಲದ ಸಾದಾ ಬರಹದಲ್ಲೂ ಹಾಗೇ. ಎಫ್‌ಬಿಐ 2020ರ ಡಿಸೆಂಬರ್‌ನಲ್ಲೇ ಉತ್ತರವನ್ನು ಒಪ್ಪಿತು. ಇದರಲ್ಲೂ ಹೆಸರಿಲ್ಲ.

## ಉಳಿದ ಎರಡು

ಬರೀ 13 ಅಕ್ಷರ. 340 ಬಿಡಿಸಿದವರಿಗೆ ಇದು ಯಾವ ಲೆಕ್ಕ?

ಎಲ್ಲರೂ ಎಡವುವುದು ಇಲ್ಲೇ. ಗುಪ್ತಲಿಪಿ ಚಿಕ್ಕದಾದಷ್ಟೂ ಸುಲಭ ಅಲ್ಲ, ಕಷ್ಟ. 13ಕ್ಕೆ ಬಂದರೆ ಕಷ್ಟವನ್ನೂ ದಾಟಿ ಹೋಗುತ್ತದೆ.

ಕೈಯಾರೆ ನೋಡೋಣ. 1970ರ ಏಪ್ರಿಲ್ ಪತ್ರದಲ್ಲಿ, ಹಿಂದಿನ ಲಿಪಿ ಬಿಡಿಸಿದಿರಾ ಎಂದು ಕೆಣಕಿ, ‘ನನ್ನ ಹೆಸರು’ ಎಂದು ಬರೆದು ಒಂದು ಗೀಟೆಳೆದಿದ್ದಾನೆ. ಅದರ ಕೆಳಗೆ ಸಾಲಾಗಿ: ಎ, ಇ, ಎನ್, ಗೀಟು ಹೊಡೆದ ವೃತ್ತ, ವೃತ್ತದೊಳಗೆ 8, ಕೆ, ಮತ್ತೆ 8, ಎಂ, ಮತ್ತೆ 8, ವೃಷಭ ರಾಶಿಯ ಗುರುತಿನ ಹಾಗೆ ಕಾಣುವ ಒಂದು, ಎನ್, ಎ, ಎಂ. ಎಂಟೇ ಬಗೆಯ ಗುರುತು.

ಇದರಿಂದ ನಮಗೆ ಗೊತ್ತಾಗುವುದು ಏನು? ಹೆಸರಿನ 1ನೇ ಮತ್ತು 12ನೇ ಅಕ್ಷರ ಒಂದೇ. 3 ಮತ್ತು 11 ಒಂದೇ. 8 ಮತ್ತು 13 ಒಂದೇ. 5, 7, 9 ಮೂರೂ ಒಂದೇ. ಅಷ್ಟೇ. ಈ ಕಟ್ಟಿಗೆ ಕೂರುವ ಹೆಸರುಗಳು ಎಷ್ಟು ಬೇಕಾದರೂ ಸಿಗುತ್ತವೆ. ಅಡ್ಡಹೆಸರು, ಪೂರ್ತಿ ಹೆಸರು, ಬರೀ ಕುಚೋದ್ಯದ ವಾಕ್ಯ, ಎಲ್ಲಕ್ಕೂ ಜಾಗವಿದೆ.

ಒಂದು ತಮಾಷೆಯ ಉದಾಹರಣೆ: ‘ಮ್ಯಾಡ್’ ಹಾಸ್ಯ ಪತ್ರಿಕೆಯ ಮುಖಪುಟದ ಹಲ್ಲುಕಿರಿಯುವ ಹುಡುಗ ಆಲ್ಫ್ರೆಡ್ ಇ. ನ್ಯೂಮನ್. ಇಂಗ್ಲಿಷಿನಲ್ಲಿ ಸರಿಯಾಗಿ 13 ಅಕ್ಷರ. 1 ಮತ್ತು 12 ಎರಡೂ ‘ಎ’. 5, 7, 9 ಮೂರೂ ‘ಇ’. 8 ಮತ್ತು 13 ಎರಡೂ ‘ಎನ್’. ಮೈ ಜುಮ್ ಅನ್ನುತ್ತೆ, ಅಲ್ವಾ? ಆದರೆ 3ನೆಯದು ‘ಎಫ್’, 11ನೆಯದು ‘ಎಂ’. ಅಲ್ಲಿಗೆ ಮುರಿಯಿತು. ಅವನು ಬರೆಯುವಾಗ ತಪ್ಪು ಮಾಡಿರಬಹುದು ಎಂದು ಸಮಜಾಯಿಷಿ ಕೊಡಬಹುದು. ಆ ರಿಯಾಯಿತಿ ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ.

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಇದರ ಗಣಿತ ಬರೆದಿಟ್ಟಿದ್ದಾರೆ. ಒಂದು ಅಕ್ಷರಕ್ಕೆ ಒಂದೇ ಗುರುತಿರುವ ಸಾದಾ ಇಂಗ್ಲಿಷ್ ಗುಪ್ತಲಿಪಿಗೆ ಒಂದೇ ಒಂದು ಉತ್ತರ ಉಳಿಯಬೇಕಾದರೆ ಸುಮಾರು 28 ಅಕ್ಷರವಾದರೂ ಬೇಕು. ಒಂದಕ್ಕೆ ಹಲವು ಗುರುತಿದ್ದರೆ ಇನ್ನೂ ಜಾಸ್ತಿ. 13 ಅದರ ಅರ್ಧಕ್ಕೂ ಬರುವುದಿಲ್ಲ.

ಹಾಗಾದ್ರೆ 32 ಅಕ್ಷರದ್ದು 28ಕ್ಕಿಂತ ಜಾಸ್ತಿ ಇದೆಯಲ್ಲ?

ಎಣಿಕೆ ಜಾಸ್ತಿ, ಮಾಹಿತಿ ಕಡಿಮೆ. 32ರಲ್ಲಿ 29 ಬೇರೆ ಬೇರೆ ಗುರುತು. ಅಂದರೆ ಪುನರಾವರ್ತನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ ಲಿಪಿ ನೋಡಿದರೆ, 32 ಅಕ್ಷರದ ಬಹುಪಾಲು ಯಾವ ವಾಕ್ಯವನ್ನಾದರೂ ಸಣ್ಣಪುಟ್ಟ ಹೊಂದಾಣಿಕೆ ಮಾಡಿ ಕೂರಿಸಬಹುದು.

ಆದರೂ ನನಗೆ ನಾಲ್ಕರಲ್ಲಿ ಇದೇ ಹೆಚ್ಚು ಕುತೂಹಲದ್ದು, ಯಾಕೆಂದರೆ ಜೊತೆಗೆ ನಕ್ಷೆ ಇದೆ. ಫಿಲಿಪ್ಸ್ 66 ಪೆಟ್ರೋಲ್ ಕಂಪನಿಯ ರಸ್ತೆ ನಕ್ಷೆ. ಅದರಲ್ಲಿ ಡಿಯಾಬ್ಲೊ ಬೆಟ್ಟದ ಮೇಲೆ ತನ್ನ ವೃತ್ತದ ಗುರುತು ಬರೆದು, ಸುತ್ತ 0, 3, 6, 9 ಎಂದು ಅಂಕಿ ಹಾಕಿ, 0 ಅನ್ನು ಅಯಸ್ಕಾಂತದ ಉತ್ತರಕ್ಕೆ ಹೊಂದಿಸಬೇಕು ಎಂದಿದ್ದಾನೆ. ಬಾಂಬ್ ಹೂತಿಟ್ಟಿದ್ದೇನೆ, ನಕ್ಷೆಯನ್ನೂ ಲಿಪಿಯನ್ನೂ ಸೇರಿಸಿದರೆ ಜಾಗ ಸಿಗುತ್ತದೆ ಎಂಬ ಸವಾಲು. ಒಂದು ತಿಂಗಳ ನಂತರ ಇನ್ನೊಂದು ಪತ್ರದ ಕೊನೆಯಲ್ಲಿ ಸುಳಿವು: ರೇಡಿಯನ್, ಮತ್ತು ಅದರ ಉದ್ದಕ್ಕೂ ಇಷ್ಟು ಇಂಚು.

ರೇಡಿಯನ್ ಕೋನದ ಅಳತೆ, ಒಂದಕ್ಕೆ ಸುಮಾರು 57.3 ಡಿಗ್ರಿ. ಅಯಸ್ಕಾಂತದ ಉತ್ತರ ಆ ಭಾಗದಲ್ಲಿ ಆಗ ನಿಜವಾದ ಉತ್ತರಕ್ಕಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿತ್ತು. ಡಿಯಾಬ್ಲೊ ಬೆಟ್ಟವೂ ಸುಮ್ನೆ ಆರಿಸಿದ್ದಲ್ಲ ಇರಬಹುದು: 1851ರಿಂದ ಕ್ಯಾಲಿಫೋರ್ನಿಯಾದ ದೊಡ್ಡ ಭಾಗ ಮತ್ತು ಇಡೀ ನೆವಾಡದ ಜಮೀನು ಸರ್ವೆಗೆ ಮೂಲ ಬಿಂದು ಅದೇ. ನಕ್ಷೆ, ಕೋನ, ಸರ್ವೆ ಇವುಗಳ ಪರಿಚಯ ಅವನಿಗಿತ್ತು ಎನ್ನಲು ಇದು ಸಾಕು. ಲಿಪಿ ಬಿಡಿಸಲು ಸಾಲದು. ‘ಇಷ್ಟು ರೇಡಿಯನ್, ಇಷ್ಟು ಇಂಚು’ ಎಂಬ ಅರ್ಥದ 32 ಅಕ್ಷರದ ವಾಕ್ಯಗಳನ್ನು ಎಷ್ಟು ಬೇಕಾದರೂ ಕಟ್ಟಬಹುದು, ಒಂದೊಂದೂ ನಕ್ಷೆಯಲ್ಲಿ ಒಂದೊಂದು ಕಡೆ ಬೆರಳಿಡುತ್ತದೆ. ಬಾಂಬ್ ಸಿಗಲೂ ಇಲ್ಲ, ಸಿಡಿಯಲೂ ಇಲ್ಲ.

## ಆಳಕ್ಕೆ ಇಳಿಯುವವರಿಗೆ

ಈಗ ಎಐ ಬಂದಿದೆಯಲ್ಲ, ಅದಕ್ಕೆ ಕೊಟ್ರೆ ಬಿಡಿಸಲ್ವಾ?

ಕೊಟ್ಟರೆ ಉತ್ತರ ಕೊಡುತ್ತದೆ. ಒಂದಲ್ಲ, ನೂರು ಕೊಡುತ್ತದೆ. ಯಾವುದು ನಿಜ ಎಂದು ಹೇಳುವ ದಾರಿ ಅದಕ್ಕೂ ಇಲ್ಲ. ಕೊರತೆ ಇರುವುದು ಲೆಕ್ಕ ಮಾಡುವ ಶಕ್ತಿಯಲ್ಲಲ್ಲ, ಕಾಗದದ ಮೇಲಿರುವ ಮಾಹಿತಿಯಲ್ಲಿ. ಹೊರಗಿನಿಂದ ಏನಾದರೂ ಸಿಕ್ಕಿದರೆ, ಉದಾಹರಣೆಗೆ ಅವನ ಕರಡು ಕಾಗದ ಅಥವಾ ಕೀಲಿಯ ಪಟ್ಟಿ, ಆಗ ಮಾತು ಬೇರೆ.

ನಮ್ಮ ಸಿರಿಭೂವಲಯದಲ್ಲೂ ಚೌಕ ಇದೆ, ಓರೆಯಾಗಿ ಓದೋದಿದೆ. ಇದೂ ಅದೂ ಒಂದೇ ತಂತ್ರನಾ?

ಕನ್ನಡದವರು ಇದನ್ನು ಕೇಳದೆ ಬಿಡುವುದಿಲ್ಲ. ಹೋಲಿಕೆ ಒಂದು ಅಂಶದಲ್ಲಿ ಇದೆ. ಸಿರಿಭೂವಲಯದಲ್ಲಿ 27 ಸಾಲು, 27 ಕಂಬದ ಚೌಕದಲ್ಲಿ 1ರಿಂದ 64ರವರೆಗಿನ ಅಂಕಿಗಳಿವೆ, ಒಂದೊಂದು ಅಂಕಿಗೆ ಒಂದು ಧ್ವನಿ. ಯಾವ ಹಾದಿಯಲ್ಲಿ ಓದಬೇಕು ಎಂಬುದಕ್ಕೆ ಬಂಧಗಳಿವೆ. ಝಡ್-340ರಲ್ಲೂ ಓದುವ ಹಾದಿಯೇ ಮುಖ್ಯ. ಆದರೆ ಅಲ್ಲಿ ಅಂಕಿಗೂ ಧ್ವನಿಗೂ ನಂಟು ಗೊತ್ತಿರುವುದೇ. ಇಲ್ಲಿ ಎರಡನ್ನೂ ಮುಚ್ಚಿಟ್ಟಿದ್ದ. ಒಂದು ಕಾವ್ಯದ ಚಮತ್ಕಾರ, ಇನ್ನೊಂದು ಪೊಲೀಸರಿಗೆ ಹಾಕಿದ ಸವಾಲು. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ವಾಸಿ.

ಇಷ್ಟೆಲ್ಲ ಮಾಡಿದ್ದಾನೆ ಅಂದ್ರೆ ಭಾರೀ ಬುದ್ಧಿವಂತನೇ ಇರಬೇಕು?

ನನಗೆ ಹಾಗನ್ನಿಸುವುದಿಲ್ಲ. 408 ಒಂದು ವಾರ ನಿಲ್ಲಲಿಲ್ಲ. ಒಂದಕ್ಕೆ ಹಲವು ಗುರುತು ಕೊಡುವುದು, ಜಾಗ ಕಲಸುವುದು, ಎರಡೂ ಆಗಲೇ ಗ್ರಂಥಾಲಯದ ಪುಸ್ತಕಗಳಲ್ಲಿ ಸಿಗುತ್ತಿದ್ದ ಹಳೆಯ ತಂತ್ರಗಳು. 340 ಅಷ್ಟು ಕಾಲ ನಿಂತಿದ್ದರಲ್ಲಿ ಅವನ ಕೈತಪ್ಪಿನ ಪಾಲೂ ಇದೆ. ಉಳಿದೆರಡು ನಿಂತಿರುವುದು ಗಿಡ್ಡವಾಗಿವೆ ಎಂಬ ಕಾರಣಕ್ಕೆ. ನಾನು ಈಗ ಒಂದು ಚೀಟಿಯಲ್ಲಿ ಹತ್ತು ಗುರುತು ಗೀಚಿ ಕೊಟ್ಟರೆ ಅದನ್ನೂ ಯಾರೂ ಬಿಡಿಸಲಾರರು. ಅದರಿಂದ ನಾನು ಮೇಧಾವಿ ಆಗುವುದಿಲ್ಲ.

ನಾನು 13 ಅಕ್ಷರದ್ದು ಬಿಡಿಸಿದ್ದೀನಿ. ಹೆಸರು ಬಂದಿದೆ. ಕಳಿಸ್ಲಾ?

ಕಳಿಸುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದೇ ಗುರುತಿಗೆ ಎಲ್ಲ ಕಡೆಯೂ ಒಂದೇ ಅಕ್ಷರ ಬಂದಿದೆಯಾ? ನಿಮ್ಮ ಕೀಲಿಯನ್ನಷ್ಟೇ ಕೊಟ್ಟು, ಉತ್ತರ ಹೇಳದೆ, ಇನ್ನೊಬ್ಬರನ್ನು ಕೂರಿಸಿದರೆ ಅವರಿಗೂ ಅದೇ ಬರುತ್ತದಾ? ನಿಮ್ಮ ತಲೆಯಲ್ಲಿ ಮೊದಲೇ ಇಲ್ಲದ ಏನನ್ನಾದರೂ ಉತ್ತರ ಹೇಳಿದೆಯಾ? 340 ಈ ಮೂರನ್ನೂ ದಾಟಿತು. ಅನುಮಾನಿತನ ಹೆಸರು ಮೊದಲೇ ಇಟ್ಟುಕೊಂಡು ಅಕ್ಷರ ಜೋಡಿಸಿದರೆ ಹೊಂದಿಕೊಳ್ಳುವುದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ.

ಇದು ಬರೀ ಆಟವೂ ಅಲ್ಲ. ಹೀಗೆ ‘ಬಂದ’ ಹೆಸರುಗಳ ಹಿಂದೆ ನಿಜವಾದ ಮನುಷ್ಯರಿದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಇಲ್ಲಿ ಯಾರ ಹೆಸರೂ ಬರೆಯದಿರುವುದು ಅದಕ್ಕೇ.

ಡಿಎನ್‌ಎ, ಬೆರಳಚ್ಚು ಇದ್ರೂ ಸಿಕ್ಕಿಲ್ವಾ?

ಪೊಲೀಸರು ಬಹಿರಂಗವಾಗಿ ಹೆಸರಿಸಿದ ಒಬ್ಬನೇ ಶಂಕಿತ 1992ರಲ್ಲಿ ತೀರಿಕೊಂಡ. ಪತ್ರಗಳಿಂದ ತೆಗೆದ ಅರೆಬರೆ ಡಿಎನ್‌ಎ ಜೊತೆ 2002ರಲ್ಲಿ ಹೋಲಿಸಿದಾಗ ಅವನದು ಹೊಂದಲಿಲ್ಲ. ಆಮೇಲೂ ಆಗಾಗ ‘ಪತ್ತೆಯಾಯಿತು’ ಎಂಬ ಸುದ್ದಿ ಬರುತ್ತದೆ. ಪ್ರಕರಣ ಮಾತ್ರ ತೆರೆದೇ ಇದೆ.

ನಾನೂ ಕೈ ಹಾಕಿ ನೋಡ್ಬೇಕು. ಎಲ್ಲಿಂದ ಶುರು ಮಾಡ್ಲಿ?

13 ಮತ್ತು 32ರಿಂದ ಮಾತ್ರ ಬೇಡ. 408ರ ಮೊದಲ ತುಂಡಿನ ಚಿತ್ರ ಇಟ್ಟುಕೊಂಡು, ಉತ್ತರ ನೋಡದೆ, ಜೋಡಿ ಗುರುತುಗಳನ್ನು ಹುಡುಕಿ. ಬೆಟ್ಟಿ ಹಾರ್ಡನ್ ಹಿಡಿದ ದಾರಿ ಕೈಗೆ ಬರುತ್ತದೆ.

ಆಮೇಲೆ ಚೌಕಳಿ ಹಾಳೆಯಲ್ಲಿ 9 ಸಾಲು, 17 ಕಂಬದ ಚೌಕಟ್ಟು ಹಾಕಿ. ಎಡ ಮೇಲಿನ ಮೂಲೆಯಲ್ಲಿ 1 ಬರೆಯಿರಿ. ಒಂದು ಕೆಳಗೆ, ಎರಡು ಬಲಕ್ಕೆ ಹೋಗಿ 2 ಬರೆಯಿರಿ. ಹೀಗೇ ಹೋದರೆ 9 ಸರಿಯಾಗಿ ಬಲ ಕೆಳಗಿನ ಮೂಲೆಗೆ ಬೀಳುತ್ತದೆ. 10 ಮತ್ತೆ ಮೊದಲ ಸಾಲಿಗೆ, ಎರಡನೇ ಕಂಬಕ್ಕೆ. ಬಲ ಅಂಚು ದಾಟಿದರೆ ಅದೇ ಸಾಲಿನಲ್ಲಿ ಎಡದಿಂದ ಎಣಿಸಿ. 153ಕ್ಕೆ ಎಲ್ಲ ಮನೆಯೂ ತುಂಬಿರಬೇಕು, ಯಾವುದರಲ್ಲೂ ಎರಡು ಅಂಕಿ ಇರಬಾರದು. ಅದು ಬಂದರೆ ಝಡ್-340ರ ಮೊದಲ ಒಂಬತ್ತು ಸಾಲನ್ನು ಅದರ ಪಕ್ಕ ಇಟ್ಟು, 1, 2, 3 ಎಂದು ಆ ಕ್ರಮದಲ್ಲೇ ಗುರುತುಗಳನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಿ.